ಮಾತಿಗೆ ತಪ್ಪದ ಗಾಜು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾದ ಒಂದು ಬಗೆಯ ರೈಫಲ್ಲಿನ ಹಿಂಬದಿಯ ಮರದ ಮೇಲೆ, ಹಿಡಿದವನ ಹೆಬ್ಬೆರಳು ಒರಗುವ ಸ್ಥಳದಲ್ಲಿ, ಅಚ್ಚೊತ್ತಿದ ಕೆಲವು ಅಂಕಿಗಳು ಕಾಣಸಿಗುತ್ತವೆ. ಅವು ಆ ರೈಫಲ್ಲಿನ ಸಂಖ್ಯೆಯಲ್ಲ. ಅದರ ಬೆನ್ನಿನ ಮೇಲೆ ಕುಳಿತಿರಬೇಕಾದ ದೂರದರ್ಶಕದ ಸಂಖ್ಯೆ. ನಮ್ಮ ಪೊಲೀಸರ ಹೆಗಲಿನ ಮೇಲೆ ಬಹುಕಾಲ ಕಂಡ, ಜನರು ‘ತ್ರೀ ನಾಟ್ ತ್ರೀ’ ಎಂದೇ ಕರೆದ ಲೀ-ಎನ್‌ಫೀಲ್ಡ್ ವಂಶಕ್ಕೆ ಸೇರಿದ ಈ ಕೋವಿಗೆ ‘ನಂಬರ್ 4 ಟಿ’ ಎಂದು ಹೆಸರು. ಕಾರ್ಖಾನೆಯ ಪರೀಕ್ಷೆಯಲ್ಲಿ ಮಿಕ್ಕವಕ್ಕಿಂತ ಹೆಚ್ಚು ನಿಖರವೆಂದು ಕಂಡುಬಂದ ಕೋವಿಗಳನ್ನು ಆರಿಸಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಗೆ ಕಳುಹಿಸಿ, ಅಲ್ಲಿಯ ಕುಶಲಕರ್ಮಿಗಳು ಒಂದೊಂದಕ್ಕೂ ‘ನಂಬರ್ 32’ ಎಂಬ ದೂರದರ್ಶಕವೊಂದನ್ನು ಹೊಂದಿಸಿದ ಮೇಲೆ, ಇನ್ನು ಇವೆರಡೂ ಒಂದನ್ನೊಂದು ಅಗಲಕೂಡದೆಂಬ ಕಟ್ಟಳೆಯಿಂದ ಆ ಅಂಕಿಗಳನ್ನು ಮರದಲ್ಲಿ ಮುದ್ರಿಸುತ್ತಿದ್ದರು.

ದೂರದರ್ಶಕವೆಂದರೆ ದೂರದ್ದನ್ನು ಹತ್ತಿರಕ್ಕೆ ತಂದು ತೋರಿಸುವ ಗಾಜಿನ ಕೊಳವೆ ಎಂದಷ್ಟೇ ತಿಳಿದವರಿಗೆ ಈ ಕಟ್ಟಳೆ ಅತಿಯಾಯಿತೆಂದು ತೋರೀತು. ಒಂದು ಕೊಳವೆ ಕೆಟ್ಟರೆ ಅದೇ ಬಗೆಯ ಇನ್ನೊಂದನ್ನು ಸಿಕ್ಕಿಸಿದರಾಯಿತಲ್ಲ ಎಂದು ಅವರು ಕೇಳಬಹುದು. ಸಿಕ್ಕಿಸಬಹುದು, ನಿಜ, ಸಿಕ್ಕಿಸಿದವನಿಗೆ ದೂರದ ವಸ್ತು ಮೊದಲಿನಷ್ಟೇ ಸ್ಪಷ್ಟವಾಗಿ ಕಾಣುವುದೂ ನಿಜ, ಆದರೆ ಗುಂಡು ಮಾತ್ರ ಕೊಳವೆಯೊಳಗೆ ಕಾಣುವ ಗುರಿಯ ಗೆರೆಗಳು ಕೂಡಿದ ಬಿಂದುವನ್ನು ಬಿಟ್ಟು ಗೇಣುದ್ದವೋ ಮೊಳದುದ್ದವೋ ಅತ್ತಿತ್ತ ಹೋಗಿ ಬೀಳುತ್ತದೆ. ಗುಂಡಿಗೆ ಕಣ್ಣಿನ ಪರಿಚಯವಿಲ್ಲ. ಅದು ನಳಿಗೆ ತೋರಿದ ದಿಕ್ಕಿಗೆ ಹೊರಟು, ಹೊರಟ ಕ್ಷಣದಿಂದಲೇ ಭೂಮಿಯ ಸೆಳೆತಕ್ಕೆ ಒಳಗಾಗಿ ಬಾಗುತ್ತ ಸಾಗುತ್ತದೆ. ಕಣ್ಣಿನ ದೃಷ್ಟಿಯಾದರೋ ನಳಿಗೆಗಿಂತ ನಾಲ್ಕೈದು ಸೆಂಟಿಮೀಟರು ಮೇಲಿನಿಂದ ಹೊರಟು ನೇರಗೆರೆಯಲ್ಲಿ ಹೋಗುತ್ತದೆ. ಈ ನೇರಗೆರೆಯೂ ಆ ಬಾಗುಗೆರೆಯೂ ನಾವು ಗೊತ್ತುಮಾಡಿದ ಒಂದು ದೂರದಲ್ಲಿ ಸಂಧಿಸುವಂತೆ ಹೊಂದಿಸುವುದನ್ನೇ ಗುರಿಕಾರರು ‘ಝೀರೋ ಮಾಡುವುದು’ ಎನ್ನುತ್ತಾರೆ. ಒಮ್ಮೆ ಝೀರೋ ಮಾಡಿದ ಮೇಲೆ ಆ ಎರಡು ಗೆರೆಗಳ ನಡುವಣ ಕೋನವನ್ನು ಮಳೆಯಲ್ಲಿಯೂ ಬಿಸಿಲಿನಲ್ಲಿಯೂ, ನೂರು ಸಲ ಒದೆತ ತಿಂದ ಮೇಲೆಯೂ, ಕೂದಲೆಳೆಯಷ್ಟೂ ಬದಲಿಸದೆ ಕಾಪಾಡಿಕೊಂಡು ಬರುವುದು ದೂರದರ್ಶಕದ ಧರ್ಮ. ಅಂಗಡಿಯವರು ಮೊದಲು ಹೇಳುವ ವರ್ಧನಶಕ್ತಿ, ಬೆಳಕು, ಸ್ಪಷ್ಟತೆಗಳೆಲ್ಲ ನನ್ನ ಮಟ್ಟಿಗೆ ಈ ಒಂದು ಗುಣದ ಹಿಂದೆ ನಿಲ್ಲತಕ್ಕವು. ನಾಲ್ಕೇ ಪಟ್ಟು ಹಿಗ್ಗಿಸಿ ತೋರಿಸಿದರೂ ನಿಂತಲ್ಲಿ ನಿಲ್ಲುವ ಗಾಜು, ಇಪ್ಪತ್ತು ಪಟ್ಟು ಹಿಗ್ಗಿಸಿ ದಿನಕ್ಕೊಂದು ಮಾತಾಡುವ ಗಾಜಿಗಿಂತ ಎಷ್ಟೋ ಮೇಲು.

ಕೊಳವೆಯೊಳಗೆ ಗೆರೆಯನ್ನು ಕಾಣುವ ಈ ಉಪಾಯ ಮನುಷ್ಯನಿಗೆ ಹೊಳೆದದ್ದು ಕೋವಿಯ ನಿಮಿತ್ತವಾಗಿ ಅಲ್ಲ, ನಕ್ಷತ್ರಗಳ ನಿಮಿತ್ತವಾಗಿ. 1640ರ ಸುಮಾರಿನಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ವಿಲಿಯಂ ಗ್ಯಾಸ್ಕಾಯಿನ್ ಎಂಬ ತರುಣನು ತನ್ನ ದೂರದರ್ಶಕದೊಳಗೆ ಜೇಡವೊಂದು ನೂಲು ಹೆಣೆದಿರುವುದನ್ನೂ, ಮಸೂರದ ನಾಭಿಯಲ್ಲಿ ಬಿದ್ದ ಆ ಎಳೆ ಆಕಾಶದ ಬಿಂಬದೊಡನೆ ಒಟ್ಟಿಗೇ ಸ್ಪಷ್ಟವಾಗಿ ಕಾಣುವುದನ್ನೂ ಗಮನಿಸಿದನು. ಬರಿಗಣ್ಣಿನಿಂದ ಗುರಿ ಹಿಡಿಯುವವನು ಹಿಂದಿನ ಕಚ್ಚು, ನಳಿಗೆಯ ತುದಿಯ ಮೊಳೆ, ದೂರದ ಗುರಿ ಈ ಮೂರನ್ನೂ ಒಂದೇ ಗೆರೆಯಲ್ಲಿ ತರಬೇಕು. ಕಣ್ಣು ಏಕಕಾಲದಲ್ಲಿ ಮೂರು ದೂರಗಳಿಗೆ ಹೊಂದಿಕೊಳ್ಳಲಾರದಾದುದರಿಂದ ಒಂದಲ್ಲ ಒಂದು ಮಸುಕಾಗಿಯೇ ತೀರುತ್ತದೆ. ಜೇಡರ ಎಳೆ ಈ ಕಷ್ಟವನ್ನು ಕಳೆಯಿತು: ಗುರಿಯ ಬಿಂಬವೂ ಗುರಿಯ ಗೆರೆಯೂ ಒಂದೇ ಸಮತಲದಲ್ಲಿ ಬಂದವು. ಗ್ಯಾಸ್ಕಾಯಿನ್ 1644ರಲ್ಲಿ ಮಾರ್ಸ್ಟನ್ ಮೂರ್ ಎಂಬಲ್ಲಿ ನಡೆದ ಕದನದಲ್ಲಿ ಮಡಿದನು. ಅವನ ಎಳೆ ಮೊದಲು ಖಗೋಳಜ್ಞರ, ಆಮೇಲೆ ಭೂಮಾಪಕರ ಉಪಕರಣಗಳನ್ನು ಸೇರಿ, ಹತ್ತೊಂಬತ್ತನೆಯ ಶತಮಾನದಲ್ಲಿ ಕೋವಿಯ ಮೇಲೆ ಬಂದಿತು. ಈಗ ಅದರ ಸ್ಥಾನದಲ್ಲಿ ಸಣ್ಣ ತಂತಿ, ಇಲ್ಲವೆ ಗಾಜಿನ ಮೇಲೆಯೇ ಕೊರೆದ ಗೆರೆ ಇರುತ್ತದೆ.

ಈ ಕೊಳವೆಯ ಒಳಗನ್ನು ಒಮ್ಮೆ ಮನಸ್ಸಿನಲ್ಲಿ ಬಿಚ್ಚಿ ನೋಡೋಣ. ಮುಂದಿನ ಮಸೂರವು ಹೊರಗಿನ ದೃಶ್ಯವನ್ನು ತಲೆಕೆಳಗಾಗಿ ಒಳಗೆ ಮೂಡಿಸುತ್ತದೆ. ನಡುವೆ ಒಂದು ಚಿಕ್ಕ ಕೊಳವೆಯಲ್ಲಿ ಕುಳಿತ ಮಸೂರಗಳ ಜೋಡಿ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಕಣ್ಣಿನ ಬಳಿಯ ಮಸೂರ ಅದನ್ನು ಹಿಗ್ಗಿಸುತ್ತದೆ. ಒಳಗಿನ ಆ ಚಿಕ್ಕ ಕೊಳವೆಯೇ ಇಡೀ ಯಂತ್ರದ ಪ್ರಾಣ. ಈಗಿನ ‘ಸ್ಕೋಪು’ಗಳಲ್ಲಿ, ಎಂದರೆ ಕೋವಿಯ ದೂರದರ್ಶಕಗಳಲ್ಲಿ, ಅದರ ಒಂದು ತುದಿ ಕೀಲಿನ ಮೇಲೆ ನಿಂತಿರುತ್ತದೆ. ಇನ್ನೊಂದು ತುದಿಯನ್ನು ಮೇಲಿನಿಂದ ಒಂದು ತಿರುಪು, ಪಕ್ಕದಿಂದ ಒಂದು ತಿರುಪು ಒತ್ತುತ್ತವೆ. ಎದುರಿನಿಂದ ಒಂದು ಸ್ಪ್ರಿಂಗು ಅದನ್ನು ಆ ತಿರುಪುಗಳಿಗೆ ಅದುಮಿ ಹಿಡಿಯುತ್ತದೆ. ಹೊರಗೆ ಕಾಣುವ ಬಿರಡೆಯನ್ನು ತಿರುಗಿಸಿದಾಗ ‘ಟಿಕ್’ ಎಂದು ಬೆರಳಿಗೆ ತಿಳಿಯುವ ಒಂದೊಂದು ಹೆಜ್ಜೆಗೂ ‘ಕ್ಲಿಕ್’ ಎಂದು ಹೆಸರು. ಮಿಲಿರೇಡಿಯನ್ ಎಂಬ ಕೋನಮಾನದ ಲೆಕ್ಕದ ಸ್ಕೋಪಿನಲ್ಲಿ ಸಾಮಾನ್ಯವಾಗಿ ಒಂದು ಕ್ಲಿಕ್ಕಿಗೆ ಗುಂಡು ಬೀಳುವ ಸ್ಥಳ 100 ಮೀಟರಿನಲ್ಲಿ 1 ಸೆಂಟಿಮೀಟರಿನಷ್ಟು ಸರಿಯಬೇಕು. ಅಂಶದ 60ನೆಯ ಒಂದು ಭಾಗವನ್ನು, ಎಂದರೆ ನಮ್ಮ ಜ್ಯೋತಿಷಿಗಳು ‘ಕಲೆ’ ಎಂದು ಕರೆಯುವ ಕೋನವನ್ನು, ಹಿಡಿದು ಮಾಡಿದ ಸ್ಕೋಪಾದರೆ ಸಾಮಾನ್ಯವಾಗಿ ಒಂದು ಕ್ಲಿಕ್ಕಿಗೆ ಕಾಲು ಕಲೆ; 100 ಮೀಟರಿನಲ್ಲಿ ಸುಮಾರು 7 ಮಿಲಿಮೀಟರು.

ಹೊರಗಿನ ಈ ಒಂದು ಸೆಂಟಿಮೀಟರಿಗೆ ಒಳಗೆ ಆಗುವ ಚಲನೆ ಎಷ್ಟು? ಮುಂದಿನ ಮಸೂರದ ನಾಭಿದೂರ 20 ಸೆಂಟಿಮೀಟರು ಎಂದಿಟ್ಟುಕೊಂಡರೆ, ಗೆರೆಗೂ ಬಿಂಬಕ್ಕೂ ನಡುವೆ ಸರಿಯತಕ್ಕದ್ದು ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ ಮಾತ್ರ. ತಲೆಗೂದಲಿನ ದಪ್ಪದ ಮೂರನೆಯ ಒಂದು ಪಾಲಿಗಿಂತ ಇದು ಹೆಚ್ಚಲ್ಲ. ತಿರುಪಿನ ಎಳೆಯಲ್ಲಿ ಒಂದಿಷ್ಟು ಸಡಿಲ, ಸ್ಪ್ರಿಂಗಿನಲ್ಲಿ ಒಂದಿಷ್ಟು ಸೋಮಾರಿತನ, ಕೀಲಿನಲ್ಲಿ ಒಂದು ಕಣ ಧೂಳು ಇದ್ದರೂ ಈ ಲೆಕ್ಕ ತಪ್ಪುತ್ತದೆ. ಇಷ್ಟು ನಾಜೂಕಾದ ಯಂತ್ರವನ್ನು ಮನುಷ್ಯನು ಎಲ್ಲಿ ತಂದು ಕೂರಿಸಿದ್ದಾನೆಂದರೆ, ಮದ್ದು ಸಿಡಿದು ಕೋವಿ ಹಿಂದಕ್ಕೆ ಒದೆಯುವಾಗ, ಒಂದೆರಡು ಮಿಲಿಸೆಕೆಂಡಿನ ಅವಧಿಯಲ್ಲಿ, ತನ್ನ ತೂಕದ ನೂರಾರು ಪಟ್ಟು ಬಲವನ್ನು ತಾಳಿಕೊಳ್ಳಬೇಕಾದ ಜಾಗದಲ್ಲಿ. ಅರ್ಧ ಕಿಲೋ ತೂಗುವ ಸ್ಕೋಪು ಆ ಕ್ಷಣದಲ್ಲಿ ಒಂದು ಕ್ವಿಂಟಾಲಿನ ಮೂಟೆಯಂತೆ, ತನ್ನನ್ನು ಕೋವಿಗೆ ಬಿಗಿದ ಬಳೆಗಳನ್ನು ಎಳೆಯುತ್ತದೆ. ಒಳಗಿನ ಮಸೂರಗಳೂ ತಮ್ಮ ತಮ್ಮ ಪೀಠಗಳನ್ನು ಹಾಗೆಯೇ ಎಳೆಯುತ್ತವೆ. ಮರುಕ್ಷಣ ಎಲ್ಲವೂ ಕೂದಲಿನ ಮೂರನೆಯ ಪಾಲಿನಷ್ಟೂ ಅತ್ತಿತ್ತಾಗದೆ ಸ್ವಸ್ಥಾನಕ್ಕೆ ಮರಳಬೇಕು. ಇದನ್ನು ಯೋಚಿಸಿದಾಗಲೆಲ್ಲ ಸ್ಕೋಪು ಕೆಡುವುದು ನನಗೆ ಸೋಜಿಗವೆನಿಸುವುದಿಲ್ಲ. ಅವುಗಳಲ್ಲಿ ಅನೇಕವು ವರ್ಷಗಟ್ಟಲೆ ಕೆಡದೆ ಉಳಿಯುವುದೇ ಸೋಜಿಗವೆನಿಸುತ್ತದೆ.

ಗಾಜನ್ನು ಕೊಟ್ಟೊಡನೆ ಗುರಿ ಬಂದುಬಿಡುತ್ತದೆಂಬ ಭ್ರಮೆಗೆ ಸೈನ್ಯಗಳೇ ಒಳಗಾದದ್ದುಂಟು. ನಮ್ಮ ಝಾನ್ಸಿಯಲ್ಲಿ 1876ರಲ್ಲಿ ಹುಟ್ಟಿ, ಬೇಟೆಗಾರನೂ ಕ್ರಿಕೆಟ್ ಆಟಗಾರನೂ ಲೇಖಕನೂ ಆಗಿ ಹೆಸರಾದ ಹೆಸ್ಕೆತ್-ಪ್ರಿಚರ್ಡ್ ಎಂಬಾತನು ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಫ್ರಾನ್ಸಿನ ಕಂದಕಗಳಲ್ಲಿ ಬ್ರಿಟಿಷ್ ಸೈನಿಕರ ದೂರದರ್ಶಕದ ಕೋವಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದಾಗ ಕಂಡದ್ದೇನೆಂದರೆ, ಅವುಗಳಲ್ಲಿ ಬಹುಪಾಲು ಝೀರೋ ತಪ್ಪಿದ್ದವು. ಹಿಡಿದವನಿಗೆ ಅದು ತಿಳಿಯದು. ಶತ್ರುವಿನ ತಲೆ ನಿಚ್ಚಳವಾಗಿ ಕಾಣುತ್ತದೆ, ಗೆರೆ ಅದರ ಮೇಲೆ ಸರಿಯಾಗಿ ಕೂಡುತ್ತದೆ, ಗುಂಡು ಬೇರೆಲ್ಲಿಯೋ ಹೋಗುತ್ತದೆ. ಸೈನಿಕನು ತನ್ನ ಕೈಯನ್ನೇ ಶಪಿಸಿಕೊಳ್ಳುತ್ತಾನೆ. ಇದು ಸಾಲದೆಂಬಂತೆ ಆಗಿನ ಬ್ರಿಟಿಷ್ ಕೋವಿಗಳಲ್ಲಿ ಅನೇಕವಕ್ಕೆ ದೂರದರ್ಶಕವನ್ನು ನಳಿಗೆಯ ನೆತ್ತಿಗೆ ಬದಲು ಎಡಪಕ್ಕದಲ್ಲಿ ಕೂರಿಸಿದ್ದರು. ಮೇಲಿನಿಂದ ಐದೈದು ಗುಂಡುಗಳನ್ನು ಒಟ್ಟಿಗೆ ತುಂಬಲು ದಾರಿ ಬಿಡಬೇಕೆಂಬುದು ಅದಕ್ಕೆ ಕಾರಣ. ಫಲವೇನೆಂದರೆ ಎರಡು ಗೆರೆಗಳೂ ಎತ್ತರದಲ್ಲಿ ಮಾತ್ರವಲ್ಲದೆ ಅಡ್ಡದಲ್ಲಿಯೂ ಬೇರೆ ಬೇರೆ ಸ್ಥಳದಿಂದ ಹೊರಟು, ಒಂದೇ ಒಂದು ದೂರದಲ್ಲಿ ಮಾತ್ರ ಕೂಡಿದವು. ಪ್ರಿಚರ್ಡ್ ಸುಮ್ಮನಾಗಲಿಲ್ಲ, 1916ರಲ್ಲಿ ಫ್ರಾನ್ಸಿನ ಲಿಂಗೆಮ್ ಎಂಬ ಊರಿನಲ್ಲಿ ಶಾಲೆಯನ್ನೇ ತೆರೆದು, ಗಾಜನ್ನು ನಂಬುವುದಕ್ಕೆ ಮುಂಚೆ ಪರೀಕ್ಷಿಸುವುದನ್ನು ಕಲಿಸಿದನು. ನಂಬರ್ 4 ಟಿ ಕೋವಿಯ ಮರದ ಮೇಲಿನ ಅಂಕಿಗಳನ್ನು ಕಂಡಾಗ ನನಗೆ ಈತನ ನೆನಪಾಗುತ್ತದೆ.

ನನ್ನ ಸ್ವಂತ ಅನುಭವ ಇದಕ್ಕಿಂತ ಬಹಳ ಸಣ್ಣ ಪ್ರಮಾಣದ್ದು. ಆದರೂ ಕಲಿತದ್ದು ಅದರಿಂದಲೇ ಆದುದರಿಂದ ಹೇಳುತ್ತೇನೆ. ಕಾಗದದ ಗುರಿಗೆ ಹೊಡೆಯುವ ಹವ್ಯಾಸಕ್ಕೆಂದು ನಾನು ಸ್ಪ್ರಿಂಗಿನ ಏರ್‌ಗನ್ ಒಂದನ್ನು ಇಟ್ಟುಕೊಂಡಿದ್ದೆ. ಅದಕ್ಕೆ ನಗರದ ಒಂದು ಅಂಗಡಿಯಿಂದ ಸ್ಕೋಪು ತಂದು ಕೂರಿಸಿದ ಮೊದಲ ಭಾನುವಾರ, ಇಪ್ಪತ್ತು ಮೀಟರಿನಲ್ಲಿ ಹತ್ತು ಪೆಲೆಟ್ಟುಗಳೂ ಒಂದು ರೂಪಾಯಿ ನಾಣ್ಯದೊಳಗೆ ಅಡಗಿದವು. ಎರಡನೆಯ ಭಾನುವಾರ ಆ ಗುಂಪು ಎಡಕ್ಕೆ ಎರಡು ಬೆರಳು ಸರಿದಿತ್ತು. ಬಿರಡೆ ತಿರುಗಿಸಿ ಸರಿಪಡಿಸಿದೆ. ಮೂರನೆಯ ವಾರ ಅದು ಮೇಲೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಗುಂಪೆಂಬುದೇ ಇಲ್ಲವಾಗಿ ಕಾಗದದ ತುಂಬ ತೂತುಗಳು ಚೆಲ್ಲಿಹೋದವು. ಮೊದಲು ನನ್ನ ಉಸಿರನ್ನು ಸಂದೇಹಿಸಿದೆ, ಆಮೇಲೆ ಪೆಲೆಟ್ಟಿನ ಡಬ್ಬಿಯನ್ನು, ಆಮೇಲೆ ಗಾಳಿಯನ್ನು. ಅಂಗಡಿಯವನು ದೋಷವೆಲ್ಲ ಏರ್‌ಗನ್ನಿನದೇ ಎಂದು ಹೇಳಿ ಕಳುಹಿಸಿದನು.

ಕೊಡಗಿನಲ್ಲಿ ನನಗೆ ಪರಿಚಿತರಾದ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಬರಿಗಣ್ಣಿನಿಂದ ಈಡು ಹೊಡೆಯುವ ಜನರ ನಡುವೆ ಬೆಳೆದು, ಸೇನೆಯಲ್ಲಿ ಗಾಜಿನ ಮೂಲಕ ಗುರಿ ಹಿಡಿಯುವುದನ್ನು ಕಲಿತವರು. ಏರ್‌ಗನ್ನನ್ನು ಅವರ ಕೈಗೆ ಕೊಟ್ಟಾಗ ಅವರು ಹೊಡೆದು ನೋಡಲೇ ಇಲ್ಲ. ಸ್ಕೋಪನ್ನು ಕಳಚಿ ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸಿದರು, ಆಮೇಲೆ ಬಾಗಿಲ ಕಂಬದ ಕಡೆಗೆ ತಿರುಗಿಸಿ ಕಣ್ಣಿಟ್ಟು, “ಗೆರೆ ನೋಡಿ ಸ್ವಾಮಿ, ಹಳೆಯ ಬೇಲಿಯ ಗೂಟದ ಹಾಗೆ ವಾಲಿದೆ. ಒಳಗೆ ಕೂತಿದ್ದು ಎದ್ದುಬಿಟ್ಟಿದೆ” ಎಂದರು.

ಕಾರಣವನ್ನು ಅವರೇ ವಿವರಿಸಿದರು. ಮದ್ದಿನ ಕೋವಿ ಒದೆಯುವುದು ಹಿಂದಕ್ಕೆ ಮಾತ್ರ. ಸ್ಪ್ರಿಂಗಿನ ಏರ್‌ಗನ್ನಿನಲ್ಲಿ ಭಾರವಾದ ಪಿಸ್ಟನ್ನು ಮುಂದಕ್ಕೆ ಹಾರುವಾಗ ಕೋವಿ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ನು ಕೊಳವೆಯ ಕೊನೆಯಲ್ಲಿ ತಟ್ಟನೆ ನಿಂತಾಗ ಕೋವಿ ಮುಂದಕ್ಕೆ ಜಗ್ಗುತ್ತದೆ. ಹಿಂದಣ ಒದೆತವನ್ನಷ್ಟೇ ಮನಸ್ಸಿನಲ್ಲಿಟ್ಟು ಮಸೂರಗಳನ್ನು ಬಿಗಿದ ಸ್ಕೋಪು, ಅದು ದೊಡ್ಡ ರೈಫಲ್ಲಿನ ಮೇಲೆ ಬಾಳಿದ್ದಾದರೂ ಸರಿಯೆ, ಈ ಇಮ್ಮುಖದ ಕುಲುಕಾಟಕ್ಕೆ ಬೇಗನೆ ಸೋಲುತ್ತದೆ. ಸಣ್ಣ ಕೋವಿಗೆ ಸಾಧಾರಣ ಗಾಜು ಸಾಕು ಎಂದು ನಾನು ಎಣಿಸಿದ್ದು ತಲೆಕೆಳಗಾದ ಲೆಕ್ಕವಾಗಿತ್ತು.

ಅವರಿಂದ ಇನ್ನೊಂದನ್ನೂ ತಿಳಿದೆ. ಕಂಗೆಟ್ಟವರು ಸ್ಕೋಪಿನ ಮೇಲೆ ಹೊರಿಸುವ ದೂರುಗಳಲ್ಲಿ ಎಷ್ಟೋ ನಿಜವಾಗಿ ಅದನ್ನು ಕೋವಿಗೆ ಹಿಡಿದಿಡುವ ಬಳೆಗಳಿಗೆ, ತಿರುಪುಗಳಿಗೆ ಸಲ್ಲತಕ್ಕವು. ಸಡಿಲವಾದ ಒಂದು ತಿರುಪು ಅತಿ ಬೆಲೆಯ ಸ್ಕೋಪನ್ನೂ ಸುಳ್ಳಾಡಿಸುತ್ತದೆ. ಅತಿಯಾಗಿ ಬಿಗಿದ ಬಳೆ ಕೊಳವೆಯನ್ನೇ ಹಿಂಡಿ ಒಳಗಿನ ಚಲನೆಯನ್ನು ತಡೆಯುತ್ತದೆ. ಆದುದರಿಂದ ಸಂದೇಹ ಬಂದಾಗ ಮೊದಲು ನೋಡಬೇಕಾದದ್ದು ತಿರುಪುಗಳನ್ನು. ಮೂರು ಗುಂಡುಗಳ ಗುಂಪನ್ನು ನೋಡಿ ತೀರ್ಪು ಕೊಡುವುದೂ ಸಲ್ಲದು. ಯಾವ ಕೋವಿಯಾದರೂ ಒಂದೇ ತೂತಿನಲ್ಲಿ ಎಲ್ಲ ಗುಂಡುಗಳನ್ನೂ ಹಾಕುವುದಿಲ್ಲ; ಮೂರು ಗುಂಡುಗಳು ಅದೃಷ್ಟದಿಂದ ಒತ್ತಾಗಿ ಬೀಳಬಹುದು, ದುರದೃಷ್ಟದಿಂದ ಚೆದರಬಹುದು. ಹತ್ತಿಪ್ಪತ್ತು ಹೊಡೆದ ಮೇಲೆ ಆ ಗುಂಪಿನ ನಡುವಣ ಬಿಂದು ಎಲ್ಲಿದೆ, ಅದು ನಿನ್ನೆ ಇದ್ದಲ್ಲಿಯೇ ಇದೆಯೆ ಎಂದು ಕೇಳಬೇಕು. ಗುಂಪು ಹಿಗ್ಗುವುದು ಒಂದು ದೋಷ, ಗುಂಪು ಗುಂಪಾಗಿಯೇ ಸರಿಯುವುದು ಮತ್ತೊಂದು ದೋಷ. ಎರಡನೆಯದು ಕಂಡಾಗ ಗಾಜನ್ನೂ ಅದರ ಬಳೆಗಳನ್ನೂ ಸಂದೇಹಿಸುವುದು ನ್ಯಾಯ.

ತೇವದ ಮಾತನ್ನು ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ಕ್ಯಾಮೆರಾದ ಮಸೂರಕ್ಕೆ ಬೂಷ್ಟು ಹಿಡಿಯುವುದನ್ನು ಕಂಡವರು, ಕೊಳವೆಯೊಳಗೆ ಸಿಕ್ಕಿದ ಒದ್ದೆ ಗಾಳಿ ಏನು ಮಾಡಬಲ್ಲುದೆಂದು ಬಲ್ಲರು. ಬೆಚ್ಚಗಿನ ಸ್ಥಳದಿಂದ ಚಳಿಗೆ ಬಂದೊಡನೆ ಅದರಲ್ಲಿನ ಆವಿ ಗಾಜಿನ ಒಳಮೈಯಲ್ಲಿ ಮಂಜಾಗಿ ಕೂರುತ್ತದೆ; ಹೊರಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ಅಮೆರಿಕದ ಆರೆಗಾನ್ ಸೀಮೆಯಲ್ಲಿ ಭೂಮಾಪನದ ಉಪಕರಣಗಳ ಕೆಲಸದಿಂದ ಬೆಳೆದ ಮನೆತನದ ಮಾರ್ಕಸ್ ಲ್ಯೂಪೋಲ್ಡ್, ಬೇಟೆಯಲ್ಲಿ ಗಂಡು ಜಿಂಕೆಯೊಂದರ ಮೇಲೆ ಗುರಿಯಿಟ್ಟಾಗ ಸ್ಕೋಪಿನೊಳಗೆ ಮಂಜು ಕಟ್ಟಿ ಏನೂ ಕಾಣದೆ ಹೋಗಿ, ಆ ಬೇಸರದಿಂದಲೇ ತಾನೇ ಸ್ಕೋಪು ಮಾಡಲು ತೊಡಗಿದನೆಂದು ಆ ಮನೆತನದ ಸಂಸ್ಥೆಯ ಚರಿತ್ರೆ ಹೇಳುತ್ತದೆ. ಅವರ ಮೊದಲ ಸ್ಕೋಪು ಹೊರಬಂದದ್ದು 1947ರಲ್ಲಿ. ಒಳಗಿನ ಗಾಳಿಯನ್ನು ತೆಗೆದು ತೇವವಿಲ್ಲದ ಒಣ ನೈಟ್ರೋಜನ್ ತುಂಬಿ, ಸಂದುಗಳನ್ನೆಲ್ಲ ರಬ್ಬರು ಬಳೆಗಳಿಂದ ಮುಚ್ಚುವ ಕ್ರಮ ಇಂದು ಅನೇಕ ಒಳ್ಳೆಯ ಸ್ಕೋಪುಗಳಲ್ಲಿ ರೂಢಿಯಾಗಿದೆ. ಬೆಚ್ಚನೆಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವುದೇ ಎಂದು ನೋಡುವುದು ಇದಕ್ಕೆ ಪರೀಕ್ಷೆ.

ಬೆಳಕಿನ ವಿಷಯದಲ್ಲಿ ಒಂದೇ ಮಾತು. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 4ರಷ್ಟನ್ನು ಹಿಂದಕ್ಕೆ ಚೆಲ್ಲುವುದರಿಂದ, ಹತ್ತು ಮೈಗಳನ್ನು ದಾಟಿದ ಬೆಳಕಿನಲ್ಲಿ ಮೂರನೆಯ ಒಂದು ಪಾಲು ದಾರಿಯಲ್ಲಿಯೇ ನಷ್ಟವಾಗುತ್ತದೆ. 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ಕಂಡುಹಿಡಿದ ತೆಳುಲೇಪ ಈ ನಷ್ಟವನ್ನು ಬಹುಮಟ್ಟಿಗೆ ತಡೆಯಿತು.

ಇದಕ್ಕಿಂತ ಹೆಚ್ಚು ಗಮನಿಸತಕ್ಕದ್ದು ಶಾಸ್ತ್ರಜ್ಞರು ‘ಲಂಬನ’ವೆನ್ನುವ ದೋಷ. ತೋರುಬೆರಳನ್ನು ಮುಂದೆ ಚಾಚಿ ಒಮ್ಮೆ ಎಡಗಣ್ಣಿನಿಂದ, ಒಮ್ಮೆ ಬಲಗಣ್ಣಿನಿಂದ ನೋಡಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಸರಿದಂತೆ ಕಾಣುವುದಷ್ಟೆ. ಸ್ಕೋಪಿನಲ್ಲಿ ಗುರಿಯ ಬಿಂಬವು ಗೆರೆಯ ಸಮತಲದಲ್ಲಿಯೇ ಬೀಳದಿದ್ದರೆ, ಕಣ್ಣು ನಡುವಿನಿಂದ ಅತ್ತಿತ್ತ ಸರಿದಾಗ ಗೆರೆಯೂ ಹಾಗೆಯೇ ಗುರಿಯ ಮೇಲೆ ತೇಲುತ್ತದೆ. 100 ಮೀಟರಿಗೆಂದು ಈ ದೋಷವನ್ನು ನೀಗಿಸಿದ, 40 ಮಿಲಿಮೀಟರು ಮಸೂರದ ಸ್ಕೋಪಿನಿಂದ 300 ಮೀಟರಿನ ಗುರಿಯನ್ನು ನೋಡಿದರೆ, ಕಣ್ಣು ಪೂರ್ತಿ ಅಂಚಿಗೆ ಸರಿದಾಗ ಸುಮಾರು 4 ಸೆಂಟಿಮೀಟರಿನ ತಪ್ಪು ಬರಬಹುದು. ಕೆನ್ನೆಯನ್ನು ಪ್ರತಿ ಸಲವೂ ಮರದ ಮೇಲೆ ಅದೇ ಸ್ಥಳದಲ್ಲಿ ಒರಗಿಸಬೇಕೆಂದು ಹಿರಿಯರು ಹೇಳುವುದು ಇದಕ್ಕಾಗಿಯೇ. ಈ ಶಿಸ್ತಿದ್ದರೆ ಗಾಜಿಲ್ಲದೆಯೂ ಗುರಿ ಸಾಧ್ಯ: ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಂತೂ ಕೋವಿಯ ಮೇಲೆ ದೂರದರ್ಶಕಕ್ಕೆ ಅನುಮತಿಯೇ ಇಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರಿನ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಬಿಂದುವಿನ ಅಗಲ ಅರ್ಧ ಮಿಲಿಮೀಟರು. ಅದನ್ನು ಹೊಡೆದದ್ದು ಸಣ್ಣ ರಂಧ್ರದ ಮೂಲಕ, ವರ್ಧನವಿಲ್ಲದ ಕಣ್ಣಿನಿಂದ.

ಮರುವರ್ಷ ನಾನು ಬೇರೊಂದು ಸ್ಕೋಪನ್ನು ಕೊಂಡು, ಕೂರಿಸುವುದಕ್ಕೆ ಮುಂಚೆ ಸುಬೇದಾರರಲ್ಲಿಗೆ ಒಯ್ದೆ. ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗಿತ್ತು. ಒಂದು ತುದಿಯಲ್ಲಿ, ಗಾರೆಕೆಲಸದವರ ತೂಗುಗುಂಡನ್ನು ಪಕ್ಕದಲ್ಲಿ ಇಳಿಬಿಟ್ಟು, ಬಡಗಿಯ ಅಳತೆ ಟೇಪನ್ನು ಗೋಡೆಗೆ ನೆಟ್ಟಗೆ ಅಂಟಿಸಿದರು. ಅಲ್ಲಿಂದ ಸರಿಯಾಗಿ ಐವತ್ತು ಮೀಟರು ಅಳೆದು, ಮರದ ಮೇಜಿಗೆ ಬಿಗಿದ ವೈಸಿನಲ್ಲಿ ಹಳೆಯ ಚರ್ಮ ಸುತ್ತಿ ಸ್ಕೋಪನ್ನು ಅಲುಗದಂತೆ ಹಿಡಿಸಿದರು. ಗೆರೆ ಟೇಪಿನ ಸೊನ್ನೆಯ ಮೇಲೆ ನಿಂತಿತು. ಮಿಲಿರೇಡಿಯನ್ ಲೆಕ್ಕದ ಈ ಸ್ಕೋಪಿನ ಬಿರಡೆಯನ್ನು ನೂರು ಕ್ಲಿಕ್ ತಿರುಗಿಸಿದರೆ ಗೆರೆ ಐವತ್ತು ಸೆಂಟಿಮೀಟರು ಸರಿಯಬೇಕು. ನಾನು ಎಣಿಸುತ್ತ ತಿರುಗಿಸಿದೆ. ಅವರು ಕಣ್ಣಿಟ್ಟು ನೋಡಿ, “ನಲವತ್ತೊಂಬತ್ತು” ಎಂದರು.

ನನ್ನ ಮುಖ ಸಪ್ಪಗಾಯಿತೇನೋ. ಅವರು ಹಿಂದಕ್ಕೆ ತಿರುಗಿಸಲು ಹೇಳಿದರು: ಗೆರೆ ಸೊನ್ನೆಗೆ ಬಂದಿತು. ಮತ್ತೆ ನೂರು: ನಲವತ್ತೊಂಬತ್ತು. ಮತ್ತೆ ಸೊನ್ನೆ. ಚಹಾ ಕುಡಿದು ಬಂದು, ಬಿಸಿಲು ಏರಿದ ಮೇಲೆ ಮತ್ತೊಮ್ಮೆ ನೋಡಿದೆವು. ಒಟ್ಟು ಏಳು ಸಲ ಹೋಗಿ ಬಂದರೂ ಗೆರೆ ನಲವತ್ತೊಂಬತ್ತನ್ನು ಬಿಟ್ಟು ಅತ್ತ ಹೋಗಲಿಲ್ಲ, ಸೊನ್ನೆಯನ್ನು ಬಿಟ್ಟು ಇತ್ತ ನಿಲ್ಲಲಿಲ್ಲ. “ಇದನ್ನು ಇಟ್ಟುಕೊಳ್ಳಿ ಸ್ವಾಮಿ” ಎಂದರು ಅವರು, “ಪ್ರತಿ ಸಲವೂ ಒಂದೇ ತಪ್ಪು ಮಾಡುವವನಿಗೆ ಲೆಕ್ಕ ಹಾಕಬಹುದು. ನಿಮ್ಮ ಹಳೆಯದಕ್ಕೆ ಯಾರು ಲೆಕ್ಕ ಹಾಕುತ್ತಾರೆ?”

ವೈಸಿನ ಪರೀಕ್ಷೆಯಲ್ಲಿ ಒದೆತವಿಲ್ಲವಷ್ಟೆ. ಆದುದರಿಂದ ಮಧ್ಯಾಹ್ನ ಸ್ಕೋಪನ್ನು ಏರ್‌ಗನ್ನಿನ ಮೇಲೆ ಕೂರಿಸಿ, ಬಳೆಗಳ ತಿರುಪುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದು, ಇಪ್ಪತ್ತು ಮೀಟರಿನಲ್ಲಿ ಚೌಕ ಹೊಡೆಯಲು ಕುಳಿತೆವು. ಐದು ಪೆಲೆಟ್ಟು ಹೊಡೆದು ಮೇಲಕ್ಕೆ ನಲವತ್ತು ಕ್ಲಿಕ್, ಐದು ಹೊಡೆದು ಬಲಕ್ಕೆ ನಲವತ್ತು, ಐದು ಹೊಡೆದು ಕೆಳಕ್ಕೆ ನಲವತ್ತು, ಐದು ಹೊಡೆದು ಎಡಕ್ಕೆ ನಲವತ್ತು. ಗುರಿ ಹಿಡಿಯುವುದು ಮಾತ್ರ ಎಲ್ಲ ಸಲವೂ ಅದೇ ಒಂದು ಕಪ್ಪು ಚುಕ್ಕೆಗೆ. ಕಾಗದದ ಮೇಲೆ ನಾಲ್ಕು ಮೂಲೆಗಳು ಮೂಡಿದವು. ಕೊನೆಯ ಐದು ಪೆಲೆಟ್ಟುಗಳು ಮೊದಲ ಐದರ ತೂತಿನೊಳಗೇ ಹೋಗಿ, ಅದರ ಅಂಚನ್ನು ತುಸು ಹರಿದವು.

ಸುಬೇದಾರರು ಒಳಗಿನಿಂದ ಬಿಳಿಯ ಪ್ಲಾಸ್ಟರು ತಂದು ಏರ್‌ಗನ್ನಿನ ಮರದ ಮೇಲೆ, ಹೆಬ್ಬೆರಳು ಒರಗುವ ಜಾಗದಲ್ಲಿ ಅಂಟಿಸಿದರು. ಸ್ಕೋಪಿನ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಅದರ ಮೇಲೆ ಸೀಸದ ಕಡ್ಡಿಯಿಂದ ಬರೆದು, ಕೆಳಗೆ ಸಣ್ಣದಾಗಿ ‘100ಕ್ಕೆ 98’ ಎಂದು ಸೇರಿಸಿದರು.